ಹೊಲದಾಗಿನ ದನದ ಶೆಡ್ಡಿಗೆ ಎನ್.ಎ. ಬೇಕೇನ್ರಿ?

ಸುಗ್ಗಿ ಮುಗಿದ ಮ್ಯಾಲೆ ನಮ್ಮ ಕಡೆ ಶೆಡ್ಡು ಹಾಕೋ ಕೆಲಸ ಜೋರು. ಅದರ ಜೋಡಿ ಈ ಪ್ರಶ್ನೆನೂ ಬರತೈತಿ. ದನ ಕಟ್ಟಾಕ, ಸಾಮಾನು ಇಡಾಕ ಆದ್ರ ಎನ್.ಎ. ಬ್ಯಾಡ. ಯಾಕ ಬ್ಯಾಡ ಅನ್ನೋದಕ್ಕ ಒಂದು ಇತಿಹಾಸ ಐತಿ. ಗೊತ್ತಿದ್ರ ಸುಮ್ಮನ ರೊಕ್ಕ ಕಳಕೊಳ್ಳೋದು ತಪ್ಪತೈತಿ.

ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು 1956ರ ತನಕ ಮುಂಬೈ ಆಡಳಿತದಲ್ಲಿದ್ದವು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಅಲ್ಲಿನ ಸರ್ವೆ ಪದ್ಧತಿಗೆ ಒಂದು ತತ್ವ ಇತ್ತು: ರೈತ ತನ್ನ ಖರ್ಚಿನಲ್ಲಿ ಬಾವಿ ತೋಡಿದ, ಒಡ್ಡು ಹಾಕಿದ ಅಂತ ಕಂದಾಯ ಏರಿಸಬಾರದು. ಏರಿಸಿದ್ರ ಭೂಮಿಗೆ ಯಾರು ದುಡ್ಡು ಹಾಕತಾರ?

1879ರ ಮುಂಬೈ ಭೂಕಂದಾಯ ಸಂಹಿತೆಯ 65ನೇ ಕಲಮು ಇದೇ ದಾರಿ ಹಿಡೀತು. ಸಾಗುವಳಿ ಸುಧಾರಿಸಾಕ, ಜಮೀನು ಅನುಕೂಲವಾಗಿ ಬಳಸಾಕ ರೈತ ತನ್ನ ಹೊಲದಲ್ಲಿ ಕೃಷಿ ಕಟ್ಟಡ, ಬಾವಿ, ಕೆರೆ ಮಾಡಿಕೊಳ್ಳಬಹುದು ಅಂತು. ಬ್ಯಾರೆ ಉದ್ದೇಶಕ್ಕ ಬಳಸಬೇಕಾದ್ರ ಮಾತ್ರ ಕಲೆಕ್ಟರರ ಅನುಮತಿ. ನಾವು ಇವತ್ತು ಎನ್.ಎ. ಅನ್ನೋದರ ಬೇರು ಇಲ್ಲೈತಿ.

ಏಕೀಕರಣದ ನಂತರ ಇಡೀ ರಾಜ್ಯಕ್ಕೆ 1964ರ ಭೂಕಂದಾಯ ಕಾಯ್ದೆ ಬಂತು. ಅದರ 95ನೇ ಕಲಮಿನ ಮೊದಲ ಉಪಕಲಮು ಹಳೇ ಮಾತನ್ನೇ ಉಳಿಸಿಕೊಂಡಿತು. ಆಮೇಲೆ ತಿದ್ದುಪಡಿಯಲ್ಲಿ ಕೃಷಿ ಕಟ್ಟಡ ಅಂದ್ರ ಏನು ಅಂತ ಬಿಡಿಸಿ ಹೇಳಿದ್ರು: ರೈತನ ವಾಸಕ್ಕೆ, ಕೃಷಿ ಸಲಕರಣೆ ಇಡಾಕ, ದನ ಕಟ್ಟಾಕ. ಜೊತೆಗೆ ಮಿತಿನೂ ಹಾಕಿದ್ರು. ಹಿಡುವಳಿಯ ಶೇ. 10 ಮೀರಬಾರದು, ಅಂದ್ರ ಎರಡು ಎಕರೆ ಇದ್ದವರಿಗೆ 8 ಗುಂಟೆ. ಅದರ ಮ್ಯಾಲೆ ನಿಯಮದಾಗ ಒಂದು ಗರಿಷ್ಠ ಮಿತಿನೂ ಐತಿ. ವ್ಯಾಪಾರಕ್ಕ ಬಾಡಿಗಿ ಕೊಡಂಗಿಲ್ಲ.

ಇಲ್ಲಿ ಒಂದು ಮಾತು ಗಮನಿಸ್ರಿ. ಆ ಕಲಮು ಶುರುವಾಗೋದೇ ಕಟ್ಟಡ ಕಟ್ಟೋದಕ್ಕ ಇರೋ ಬ್ಯಾರೆ ಕಾನೂನುಗಳಿಗೆ ಒಳಪಟ್ಟು ಅಂತ. ಎನ್.ಎ. ಬ್ಯಾಡ ಅಂದ್ರ ಯಾವ ಪರವಾನಗಿನೂ ಬ್ಯಾಡ ಅಂತಲ್ಲ. ಪಂಚಾಯ್ತಿಯಲ್ಲಿ ಕೇಳ್ರಿ. ಊರು ನಗರದ ಯೋಜನಾ ವ್ಯಾಪ್ತಿಗೆ ಸೇರಿದ್ರ ಅಲ್ಲೂ ವಿಚಾರಿಸ್ರಿ.

ಗಾಂವಠಾಣದೊಳಗಿನ ಮನಿ ಹಿತ್ತಲದಾಗ ಶೆಡ್ಡು ಹಾಕೋರ ಲೆಕ್ಕ ಬ್ಯಾರೆ. ಅದು ಸಾಗುವಳಿ ಜಮೀನಲ್ಲ, 95ನೇ ಕಲಮಿನ ಹಕ್ಕು ಅಲ್ಲಿ ನಡಿಯಂಗಿಲ್ಲ. ಅಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಗ್ರಾಮ ಪಂಚಾಯ್ತಿಯ ಅನುಮತಿ ಬೇಕು.

ಇನ್ನೊಂದು. ದನದ ಶೆಡ್ಡು ಅಂತ ಕಟ್ಟಿ ಅದರಾಗ ಗ್ಯಾರೇಜೋ ಅಂಗಡಿಯೋ ಇಟ್ರ ಆ ದಿನಾನೇ ಹಕ್ಕು ಹೋತು. ಕಾಯ್ದೆ ತಗಡು, ಗ್ವಾಡಿ ನೋಡಂಗಿಲ್ಲ, ಒಳಗ ನಡಿಯೋ ಕೆಲಸ ನೋಡತೈತಿ. ಅದಕ್ಕ ಪಂಚಾಯ್ತಿಗೆ ಅರ್ಜಿ ಕೊಡುವಾಗ ಸರ್ವೆ ನಂಬರು, ಶೆಡ್ಡಿನ ಅಳತಿ, ಉದ್ದೇಶ ಮೂರೂ ಸ್ಪಷ್ಟವಾಗಿ ಬರೀರಿ, ಸ್ವೀಕೃತಿ ತಗೊಂಡು ಜ್ವಾಕಿ ಮಾಡ್ರಿ.