ಊರಿಗೆ ಬಾರದ ದೇವಯ್ಯ, 23 ವರ್ಷ ತಡವಾಗಿ ಬಂದ ಗೌರವ

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳೇ ಊರುಗಳಲ್ಲಿ ಗುಡಿ ಪಕ್ಕದಲ್ಲೋ ಹೊಲದ ಬದುವಿನಲ್ಲೋ ವೀರಗಲ್ಲು ನಿಂತಿರುವುದನ್ನು ನೀವು ನೋಡಿರುತ್ತೀರಿ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಅವನ ಹೆಸರು ಎಷ್ಟೋ ಕಡೆ ಯಾರಿಗೂ ಗೊತ್ತಿಲ್ಲ. ಆದರೂ ಹಬ್ಬ ಬಂದರೆ ಕುಂಕುಮ ಹಚ್ಚುತ್ತೇವೆ. ಅವನು ಹೇಗೆ ಸತ್ತ ಅನ್ನುವ ಸುದ್ದಿ ಅಂದು ಊರಿಗೆ ಮುಟ್ಟಿತ್ತು, ಅದಕ್ಕೇ ಕಲ್ಲು ನಿಂತಿತು.

ಸುದ್ದಿಯೇ ಮುಟ್ಟದಿದ್ದರೆ? ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆ ಅಂಥದ್ದು.

1932ರಲ್ಲಿ ಹುಟ್ಟಿದ ದೇವಯ್ಯ 1954ರಲ್ಲಿ ವಾಯುಪಡೆಯ ಪೈಲಟ್ ಆದರು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಅವರು ಸ್ಕ್ವಾಡ್ರನ್ ಲೀಡರ್. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಠಾಣ್‌ಕೋಟ್ ನೆಲೆಯ ಮೇಲೆ ಬಾಂಬು ಹಾಕಿದವು. ಮರುದಿನ ನಸುಕಿನಲ್ಲೇ ಪಂಜಾಬಿನ ಆದಂಪುರದಿಂದ 12 ಮಿಸ್ಟೇರ್ ವಿಮಾನಗಳು ಶತ್ರುವಿನ ದೊಡ್ಡ ನೆಲೆಯಾದ ಸರ್ಗೋಧಾ ಕಡೆ ಹೊರಡಬೇಕಿತ್ತು.

ಆ 12 ಮಂದಿಯಲ್ಲಿ ದೇವಯ್ಯನವರ ಹೆಸರು ಇರಲಿಲ್ಲ. ಯಾರದ್ದಾದರೂ ವಿಮಾನ ಕೆಟ್ಟರೆ ಇರಲಿ ಎಂದು ಅವರನ್ನು ಕಾಯ್ದಿಟ್ಟಿದ್ದರು. ಒಂದು ವಿಮಾನ ಹಿಂದೆ ಉಳಿಯಿತು. ಆ ಜಾಗಕ್ಕೆ ದೇವಯ್ಯ ಹೋದರು. ವಾಪಸ್ ಬರಲಿಲ್ಲ.

ಅವರಿಗೆ ಏನಾಯಿತೆಂದು ಜೊತೆಯಲ್ಲಿದ್ದ ಯಾರೂ ನೋಡಿರಲಿಲ್ಲ. ಕಾಗದದಲ್ಲಿ 'ಕಾಣೆಯಾಗಿದ್ದಾರೆ' ಎಂದು ಬರೆಯಲಾಯಿತು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮಣ್ಣು ಮಾಡಲು ದೇಹವಿಲ್ಲ, ತಿಥಿ ಮಾಡೋಣವೆಂದರೆ ಖಾತ್ರಿಯಿಲ್ಲ. ಸೆರೆ ಸಿಕ್ಕಿರಬಹುದೇ, ಒಂದು ದಿನ ಬಂದಾರೇ ಎಂದು ಕಾಯುವುದೊಂದೇ ಉಳಿದದ್ದು.

ನಿಜ ಹೊರಬಿದ್ದದ್ದು 1979ರಲ್ಲಿ, ಅದೂ ಶತ್ರುವಿನ ಕಡೆಯಿಂದ. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಪೈಲಟ್‌ಗಳನ್ನು ಕೇಳಿ ಒಂದು ಪುಸ್ತಕ ಬರೆದರು. ಅಂದು ಅಮ್ಜದ್ ಹುಸೇನ್ ಎಂಬ ಪೈಲಟ್ ಸ್ಟಾರ್‌ಫೈಟರ್ ವಿಮಾನದಲ್ಲಿ ಒಂದು ಮಿಸ್ಟೇರ್‌ನ ಬೆನ್ನು ಹತ್ತಿದ್ದರು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಮಿಸ್ಟೇರ್ ಅದರ ಮುಂದೆ ನಿಧಾನದ ವಿಮಾನ, ಕಾದಾಡುತ್ತ ನಿಂತರೆ ಮನೆ ಮುಟ್ಟಲು ಇಂಧನವೂ ಸಾಲದು. ಆದರೂ ಪೆಟ್ಟು ತಿಂದ ಆ ಮಿಸ್ಟೇರ್‌ನ ಪೈಲಟ್ ಓಡಲಿಲ್ಲ. ತಿರುಗಿ ಬಿದ್ದು ಸ್ಟಾರ್‌ಫೈಟರನ್ನೇ ಹೊಡೆದುರುಳಿಸಿದರು. ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಮಿಸ್ಟೇರ್‌ನ ಪೈಲಟ್ ಉಳಿಯಲಿಲ್ಲ.

ಆ ಪೈಲಟ್ ಯಾರು ಎಂದು ಲೆಕ್ಕ ಹಾಕಿದಾಗ ಉಳಿದ ಹೆಸರು ದೇವಯ್ಯ ಒಂದೇ. ಅಂದಿನ ದಾಳಿಯ ಮುಂದಾಳು ಒ.ಪಿ. ತನೇಜಾ ಈ ವಿಷಯವನ್ನು ಸರ್ಕಾರದ ಗಮನಕ್ಕೆ ತಂದರು. 1988ರಲ್ಲಿ, ಸತ್ತು 23 ವರ್ಷದ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಅವರ ಹೆಂಡತಿ ಅದನ್ನು ಪಡೆದರು. ದೇಹವನ್ನು ಅಲ್ಲಿನ ಹಳ್ಳಿಗರು ಹೊಲದಲ್ಲೇ ಮಣ್ಣು ಮಾಡಿದ್ದರೆಂದು ಪಾಕಿಸ್ತಾನದ ನಿವೃತ್ತ ವಾಯುಪಡೆ ಅಧಿಕಾರಿಯೊಬ್ಬರು ಬರೆದಿದ್ದಾರೆ. ಗುರುತಿಲ್ಲದ ಆ ಹೆಣಕ್ಕೂ ಒಕ್ಕಲು ಮಕ್ಕಳು ಮಣ್ಣು ಕೊಟ್ಟಿದ್ದರು.

ಮಡಿಕೇರಿಯಲ್ಲಿ ಈಗ ಅವರ ಹೆಸರಿನ ವೃತ್ತವಿದೆ. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಹಿಂದಿ ಸಿನಿಮಾಕ್ಕೂ ಇದೇ ಕಥೆ ಆಧಾರ. ಅದರಲ್ಲಿ ಪಾತ್ರದ ಹೆಸರು ಮಾತ್ರ ಬೇರೆ.

ಶತ್ರು ಬಾಯಿ ಬಿಡದಿದ್ದರೆ, ಫ್ರಿಕರ್ ಬರೆದಿಡದಿದ್ದರೆ, ದೇವಯ್ಯ ಇಂದಿಗೂ 'ಕಾಣೆಯಾದವರು' ಆಗಿಯೇ ಇರುತ್ತಿದ್ದರು. ಬರೆದಿಡುವುದಕ್ಕೆ ಅಷ್ಟು ಬೆಲೆಯಿದೆ. ನಿಮ್ಮ ಊರಿನಲ್ಲೂ ಮಿಲಿಟರಿಗೆ ಹೋದವರಿದ್ದರೆ ಅವರ ಹೆಸರು, ರೆಜಿಮೆಂಟು, ಹೋದ ವರ್ಷ, ಕಾದಿದ ಜಾಗ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪೆಟ್ಟಿಗೆಯಲ್ಲಿ ಹಳೇ ಪಿಂಚಣಿ ಕಾಗದ, ಪದಕ ಇದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹೇಳುವ ಹಿರಿಯರು ಇರುವಾಗಲೇ ಕೇಳಿ. ಊರ ಮುಂದಿನ ವೀರಗಲ್ಲಿನ ಹೆಸರು ಕಳೆದುಕೊಂಡಂತೆ ಇವರದ್ದೂ ಕಳೆದುಹೋಗುವುದು ಬೇಡ.