ಹಳದಿ ಹಕ್ಕಿ ಬಿಟ್ಟುಹೋದದ್ದು

ಬೆಂಗಳೂರಿನ ‘ಕೂ’ 2020ರಲ್ಲಿ ಮೊದಲು ಬಾಯಿಬಿಟ್ಟದ್ದು ಕನ್ನಡದಲ್ಲಿ. ಹಿಂದಿ, ತಮಿಳು, ತೆಲುಗು ಬಂದದ್ದು ಆಮೇಲೆ. 2021ರಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ ಮಂತ್ರಿಗಳು, ಇಲಾಖೆಗಳು ಇತ್ತ ವಾಲಿದವು, ಹೂಡಿಕೆದಾರರ ದುಡ್ಡೂ ಬಂತು. ಮಾರಾಟದ ಮಾತುಕತೆಗಳು ಮುರಿದುಬಿದ್ದು, 2024ರ ಜುಲೈನಲ್ಲಿ ಬಾಗಿಲು ಹಾಕಿತು. ಹೂಡಿಕೆದಾರರ ಪುಸ್ತಕದಲ್ಲಿ ಲೆಕ್ಕ ಅಲ್ಲಿಗೆ ಚುಕ್ತಾ.

ಇಂಥ ಕಂಪನಿಗಳ ಬೆಲೆಯನ್ನು ಇನ್ನೊಂದು ರೀತಿಯಲ್ಲೂ ಅಳೆಯಬಹುದು. ಜನರಿಗೆ ಸ್ವಂತ ಪುಟ ಕೊಡುತ್ತಿದ್ದ ಅಮೆರಿಕದ ಜಿಯೋಸಿಟೀಸ್ ಅನ್ನು ಯಾಹೂ 1999ರಲ್ಲಿ ಸುಮಾರು 350 ಕೋಟಿ ಡಾಲರಿನ ಷೇರು ಕೊಟ್ಟು ಕೊಂಡಿತು. 2009ರಲ್ಲಿ ಅಮೆರಿಕದಲ್ಲಿ ಮುಚ್ಚಿತು. ಮುಚ್ಚುವ ಮುನ್ನ ‘ಆರ್ಕೈವ್ ಟೀಮ್’ ಎಂಬ ಹವ್ಯಾಸಿಗಳ ಗುಂಪು ಸಿಕ್ಕಷ್ಟು ಪುಟಗಳನ್ನು ನಕಲಿಸಿಟ್ಟಿತು. ತೊಂಬತ್ತರ ದಶಕದಲ್ಲಿ ಸಾಮಾನ್ಯರು ಅಂತರ್ಜಾಲದಲ್ಲಿ ಹೇಗೆ ಬರೆಯುತ್ತಿದ್ದರು ಎಂದು ನೋಡಬೇಕಾದವರು ಇಂದು ತೆರೆಯುವುದು ಆ ನಕಲನ್ನು. ಕೋಟಿಗಟ್ಟಲೆ ತೆತ್ತವರಿಗಿಂತ ಪುಕ್ಕಟೆ ದುಡಿದವರೇ ಹೆಚ್ಚು ಉಳಿಸಿದರು.

ಕೂನಲ್ಲಿದ್ದದ್ದೂ ಅಂಥ ಸರಕೇ: ಸಂಪಾದಕರ ಕೈಗೆ ಸಿಗದ, ಆಡುಮಾತಿಗೆ ಹತ್ತಿರದ, ಕಾಗುಣಿತ ತಪ್ಪಿದ ಕನ್ನಡ. ಅನುವಾದಕಿಯಾಗಿ ಹೇಳುತ್ತೇನೆ, ನಿಘಂಟುಗಳಲ್ಲಿ ಅದು ಸಿಗುವುದಿಲ್ಲ. ನಾಳೆ ಮತ್ತೊಂದು ಕನ್ನಡ ಆ್ಯಪ್ ಬಂದರೆ ಬಳಕೆದಾರರ ಸಂಖ್ಯೆ ಎಷ್ಟೆಂದು ಆಮೇಲೆ ಕೇಳೋಣ. ಬರೆದದ್ದನ್ನೆಲ್ಲ ಇಳಿಸಿಕೊಳ್ಳುವ ಗುಂಡಿ ಅದರಲ್ಲಿ ಎಲ್ಲಿದೆ?