ಧಾನ್ಯದ ಕಣಜದೊಳಗೆ ಕಲೆಯ ಮನೆ
ಝೈಟ್ಸ್ ಸಮಕಾಲೀನ ಆಫ್ರಿಕನ್ ಕಲಾ ವಸ್ತುಸಂಗ್ರಹಾಲಯ, ಕೇಪ್ ಟೌನ್ ಬಂದರು

ದಕ್ಷಿಣ ಆಫ್ರಿಕಾದ ಒಳನಾಡಿನಲ್ಲಿ ಬೆಳೆದ ಮೆಕ್ಕೆಜೋಳ ಹಡಗು ಏರುವ ಮೊದಲು ಇಲ್ಲಿ ತಂಗುತ್ತಿತ್ತು. 1924ರಲ್ಲಿ ಬಳಕೆಗೆ ಬಂದ ಈ ಕಾಂಕ್ರೀಟ್ ಕಣಜದ ಎತ್ತರ 57 ಮೀಟರ್. ಧಾನ್ಯವನ್ನು ದರ್ಜೆವಾರು ವಿಂಗಡಿಸಲು ಒಂದು ಗೋಪುರ, ಕೂಡಿಡಲು ಒತ್ತೊತ್ತಾಗಿ ನಿಂತ 42 ಕೊಳವೆಗಳು. 2001ರಲ್ಲಿ ಕೆಲಸ ನಿಂತು ಕಟ್ಟಡ ಖಾಲಿಯಾಯಿತು.

ಕೆಡವಿದ್ದರೆ ಅಷ್ಟೂ ಕಾಂಕ್ರೀಟು ಮಣ್ಣುಪಾಲಾಗಿ, ಹೊಸ ಕಟ್ಟಡಕ್ಕೆ ಮತ್ತಷ್ಟು ಸಿಮೆಂಟು, ಉಕ್ಕು ಬೇಕಾಗುತ್ತಿತ್ತು. ಉಳಿಸಿಕೊಂಡದ್ದು ಒಳ್ಳೆಯದಾಯಿತು. ಆದರೆ ಒಳಗೆ ಜನ ಓಡಾಡುವಂಥ ಜಾಗವೇ ಇರಲಿಲ್ಲ. ಇದ್ದದ್ದು ಹೆಚ್ಚಾಗಿ ಕೊಳವೆಗಳೇ. ಲಂಡನ್ನಿನ ವಿನ್ಯಾಸಕಾರ ಥಾಮಸ್ ಹೆದರ್‌ವಿಕ್ ಅವರ ತಂಡ ಇಲ್ಲೇ ಸಿಕ್ಕ ಒಂದು ಮೆಕ್ಕೆಜೋಳದ ಕಾಳಿನ ಆಕಾರವನ್ನು ಹಲವು ಮಹಡಿಗಳಷ್ಟು ಹಿಗ್ಗಿಸಿ, ಆ ಆಕಾರದಲ್ಲೇ ಕೊಳವೆಗಳನ್ನು ಕೊರೆಯಿತು. ನೀವೀಗ ನಿಂತಿರುವ ನಡುಅಂಗಳ ಹಾಗೆ ಹುಟ್ಟಿದ್ದು. ಮೇಲ್ತುದಿಗೆ ಗಾಜು ಹೊದಿಸಿರುವುದರಿಂದ ಹಗಲಿನ ಬೆಳಕು ನೇರವಾಗಿ ಕೆಳಗಿಳಿಯುತ್ತದೆ. ವಸ್ತುಸಂಗ್ರಹಾಲಯ ತೆರೆದದ್ದು 2017ರ ಸೆಪ್ಟೆಂಬರಿನಲ್ಲಿ.

ಕೊರೆದ ಅಂಚನ್ನು ಹತ್ತಿರದಿಂದ ನೋಡಿ. ಅಲ್ಲಿ ಎರಡು ಪದರಗಳಿವೆ. ಒಂದು, ಶತಮಾನದ ಹಿಂದಿನ ಗೋಡೆ. ದಪ್ಪ ಬರೀ 17 ಸೆಂಟಿಮೀಟರ್. ಕೊರೆಯುವಾಗ ಅದು ಕುಸಿಯದಂತೆ ಒಳಗಿನಿಂದ ಕಬ್ಬಿಣದ ಸರಳು ಕಟ್ಟಿದ 20 ಸೆಂಟಿಮೀಟರ್ ದಪ್ಪದ ಹೊಸ ಕಾಂಕ್ರೀಟು ತುಂಬಿದರು. ಇನ್ನೊಂದು ಪದರ ಅದು. ಕತ್ತರಿಸಿದ ಅಂಚಿಗೆ ಹೊಳಪು ಕೊಟ್ಟು, ಹಳೆಯ ಮೈಯನ್ನು ಒರಟಾಗಿಯೇ ಬಿಟ್ಟಿದ್ದಾರೆ. ಹಳೆಯ ಪದರದಲ್ಲಿ ಜಲ್ಲಿಕಲ್ಲುಗಳು ಒಂದೊಂದಾಗಿ ಕಾಣುತ್ತವೆ.